ಸದ್ದು ಇಳಿಯುವವರೆಗೆ ಕಾಯುವುದು

(ಧಾರವಾಡದಲ್ಲಿ ಒಂದು ಸಂಜೆ ಆಡಿದ ಮಾತುಗಳಿವು. ಅಂದು ಬರಲಾಗದ ಗೆಳೆಯರು ಬರೆದು ಕೊಡಿ ಅಂದರು. ಮಾತಿನ ಓಟವನ್ನು ಹಾಗೇ ಉಳಿಸಿ, ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ವಿನಂತಿ. ಪ್ರಶ್ನೆ ಕೇಳುವವರು ಸ್ವಲ್ಪ ಎದುರಿಗೆ ಬಂದು, ನನ್ನ ಮುಖ ನೋಡಿ ಕೇಳಿ. ನನ್ನ ಎರಡೂ ಕಿವಿಗೆ ಮೆಷಿನ್ ಇದೆ. ಅದು ಯಾಕೆ ಬಂತು ಅನ್ನೋದು ಮಾತಿನ ನಡುವೆ ಬರುತ್ತದೆ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಕ್ಕೆ ಬೀಳ್ಕೊಡುಗೆ ಆಯಿತು. 1963ರಲ್ಲಿ ನಮ್ಮ ವಾಯುಪಡೆಗೆ ಬಂದದ್ದು. ನಮ್ಮ ದೇಶದ ಮೊದಲ ಸೂಪರ್‌ಸಾನಿಕ್, ಅಂದರೆ ಶಬ್ದಕ್ಕಿಂತ ವೇಗವಾಗಿ ಹಾರುವ, ಯುದ್ಧವಿಮಾನ ಅದು. ಅರವತ್ತೆರಡು ವರ್ಷ ಹಾರಿತು. ಅಂದು ಟೀವಿ ನೋಡಿದ ಬಹಳ ಜನ ನನಗೆ ಫೋನ್ ಮಾಡಿದರು. ಯುದ್ಧದಲ್ಲಿ ಏನು ಮಾಡಿತು, ಎಷ್ಟು ಬಿದ್ದವು, ಇಷ್ಟು ವರ್ಷ ಯಾಕೆ ಇಟ್ಟುಕೊಂಡರು ಅಂತೆಲ್ಲ ಕೇಳಿದರು. ಅದನ್ನು ಬಲ್ಲವರು ಬರೆದಿದ್ದಾರೆ. ನಾನು ಪೈಲಟ್ ಅಲ್ಲ. ಎಂಜಿನ್ ಫಿಟ್ಟರ್. ವಿಮಾನ ಮೇಲೆ ಹೋದ ಮೇಲೆ ನೆಲದಲ್ಲಿ ನಿಂತು ಕಾಯುವವರ ಪೈಕಿ ಒಬ್ಬ. ನನ್ನ ಹತ್ತಿರ ಉಳಿದಿರೋದು ಅದರ ಸದ್ದು. ಇವತ್ತು ಅದನ್ನೇ ಹೇಳುತ್ತೇನೆ.

ನಮ್ಮೂರು ಗದಗದಿಂದ ಮುಳಗುಂದದ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಹಳ್ಳಿ. ಎರಿ ಹೊಲ, ಜೋಳ, ಕಡಲೆ, ಹತ್ತಿ. ನಾನಾಗ ಆರನೇ ಇಯತ್ತೆ. ಜೋಳದ ರಾಶಿ ನಡೆದಿತ್ತು. ಕಣದ ನಡುವೆ ಮೇಟಿ ನೆಟ್ಟು ನಾಲ್ಕು ಎತ್ತಿನ ಹಂತಿ ಕಟ್ಟಿದ್ದರು. ಅಪ್ಪ ಹಿಂದೆ ಹಿಂದೆ ಸುತ್ತುತ್ತಿದ್ದ. ಅಜ್ಜಿ ಒಂದು ಬದಿಗೆ ಕೂತು ತೆನೆ ಆರಿಸುತ್ತಿದ್ದಳು. ಕಪ್ಪತಗುಡ್ಡದ ಕಡೆಯಿಂದ ಒಂದು ಕಪ್ಪು ಚುಕ್ಕೆ ಬಂತು. ಹದ್ದು ಅಂದುಕೊಂಡೆ. ಸದ್ದೇ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನೆತ್ತಿಯ ಮೇಲೆ ಬಂದು, ದಾಟಿ, ಊರ ಗುಡಿಯ ಶಿಖರದ ಆಚೆ ಹೋಗಿತ್ತು. ಆಮೇಲೆ ಬಿತ್ತು ನೋಡಿ ಸದ್ದು. ಆಕಾಶವನ್ನೇ ಯಾರೋ ಎರಡು ಕೈಲಿ ಹಿಡಿದು ಹರಿದ ಹಾಗೆ. ಎತ್ತು ನಾಲ್ಕೂ ಒಂದೇ ಸಲ ಎದ್ದು ನಿಂತಂತೆ ಆಯಿತು. ಅಪ್ಪ ಮುಂದಿನ ಎತ್ತಿನ ಕೊರಳಿಗೆ ಜೋತು ಬಿದ್ದು ಮೂಗುದಾರ ಹಿಡಿದ. ಒಂದು ಹಗ್ಗ ಹರಕೊಂಡು ಹಳ್ಳದ ಕಡೆ ಓಡಿತು. ಅದನ್ನು ಹುಡುಕಿ ತರೋದಕ್ಕೆ ಸಂಜೆ ಆಯಿತು.

ಅಜ್ಜಿ ಮೇಲೆ ನೋಡಿ ಕೇಳಿದಳು: “ಮೋಡಾ ಇಲ್ಲ, ಮಿಂಚಾ ಇಲ್ಲ, ಗುಡುಗು ಎಲ್ಲಿಂದ ಬಂತೋ ತಮ್ಮಾ?”

ನನ್ನ ತಲೆಯಲ್ಲಿ ಕೂತದ್ದು ಬೇರೆ. ವಿಮಾನ ಅಲ್ಲಿ ಗುಡಿಯ ಹಿಂದೆ ಇದೆ. ಸದ್ದು ಇಲ್ಲಿ ನಮ್ಮ ತಲೆ ಮೇಲೆ ಇದೆ. ಇದು ಹೇಗೆ? ಮರುದಿನ ಸಾಲಿಯಲ್ಲಿ ಮಾಸ್ತರರು ಹೇಳಿದರು, ಸದ್ದು ಮೂರು ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಹೋಗುತ್ತದೆ, ವಿಮಾನವೂ ಅದರ ಬೆನ್ನಿಗೆ ಬಿದ್ದು ಓಡುತ್ತದೆ ಅಂತ. ಇನ್ನೊಂದು ಮಾತು ನನಗೆ ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಜೆಟ್ ಎಂಜಿನ್ನಿನ ದೊಡ್ಡ ಸದ್ದು ಹುಟ್ಟುವುದು ಅದರ ಬಾಲದ ಹಿಂದೆ. ಹೋಗುವುದೂ ಹೆಚ್ಚಾಗಿ ಹಿಂದಕ್ಕೇ. ಹಾಗಾಗಿ ಕೆಳಗೆ ಹಾರಿ ಬರುವ ಜೆಟ್ ಕಳ್ಳನ ಹಾಗೆ ಬರುತ್ತದೆ, ಹೋಗುವಾಗ ಊರನ್ನೇ ಎಬ್ಬಿಸಿ ಹೋಗುತ್ತದೆ.

ಇನ್ನೊಂದು ಸದ್ದಿನ ಬಗ್ಗೆಯೂ ಇಲ್ಲೇ ಹೇಳಬೇಕು. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ನನ್ನ ಕಾಕಾ ಗದಗ ಊರಲ್ಲಿ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಸಂಜೆಯಾದರೆ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಒಂದು ಮೂಲೆಯಲ್ಲಿ ಕೂತು ಹಾಡು ಕೇಳುತ್ತಿದ್ದ. ಅವನು ಹಾಡುಗಾರ ಅಲ್ಲ. ಆದರೆ ಒಂದು ಮಿರಜದ ತಂಬೂರಿ ಇಟ್ಟುಕೊಂಡಿದ್ದ. ಅದನ್ನು ಶ್ರುತಿ ಮಾಡುವುದು ಅವನಿಗೆ ಪೂಜೆ ಇದ್ದ ಹಾಗೆ. ರಜೆಗೆ ಹೋದಾಗ ನನ್ನನ್ನೂ ಕೂರಿಸುತ್ತಿದ್ದ. ತಂಬೂರಿಯ ನಡುವೆ ಒಂದು ಜೋಡಿ ತಂತಿ ಇರುತ್ತವೆ, ನಿಮಗೆ ಗೊತ್ತು. ಎರಡೂ ಒಂದೇ ಷಡ್ಜ. ಒಂದು ಕೂದಲೆಳೆ ಹೆಚ್ಚು ಕಡಿಮೆ ಇದ್ದರೂ ಎರಡೂ ಕೂಡಿ ‘ವಂಯ್... ವಂಯ್... ವಂಯ್’ ಅಂತ ತೂಗುತ್ತವೆ. ಮಣಿ ಸರಿಸಿ ಹತ್ತಿರ ತಂದಷ್ಟೂ ತೂಗೋದು ನಿಧಾನ ಆಗುತ್ತದೆ. ಪೂರ್ತಿ ಕೂಡಿದಾಗ ನಿಲ್ಲುತ್ತದೆ.

ನಾನು ಮೊದಮೊದಲು ಸ್ವರ ಹಿಡಿಯೋದಕ್ಕೆ ಒದ್ದಾಡುತ್ತಿದ್ದೆ. ಕಾಕಾ ಹೇಳಿದ: “ಸ್ವರಾ ಹುಡುಕಬ್ಯಾಡ. ತೂಗೂದನ್ನ ಕೇಳು. ಅದು ನಿಂತಾಗ ಹೇಳು.”

ಅಷ್ಟೇ. ನನಗೆ ಕಿವಿ ಬಂದದ್ದು ಹಾಗೆ. ಮುಂದೆ ಮೂವತ್ತು ವರ್ಷಕ್ಕೂ ಜಾಸ್ತಿ ನಾನು ತಿಂದ ಅನ್ನ ಈ ಒಂದು ಮಾತಿನದು.

1978ರಲ್ಲಿ ವಾಯುಪಡೆಗೆ ಸೇರಿದೆ. ಮೊದಲು ಬೆಳಗಾವಿಯ ಸಾಂಬ್ರಾ. ಅಲ್ಲಿ ಪರೇಡು, ಶಿಸ್ತು, ಬೂಟಿಗೆ ಪಾಲಿಶ್. ಆಮೇಲೆ ಮದರಾಸಿನ ಹತ್ತಿರದ ತಾಂಬರಂನಲ್ಲಿ ಎಂಜಿನ್ ಕಲಿಕೆ. ಅದು ಮುಗಿದ ಮೇಲೆ ಉತ್ತರ ಭಾರತದ ಒಂದು ವಾಯುನೆಲೆ. ಅಲ್ಲಿ ಮಿಗ್-21ರ ಬಿಸ್ ಅನ್ನುವ ಮಾದರಿ ಇತ್ತು. ವಿಮಾನ ನಾಸಿಕದಲ್ಲಿ, ಎಂಜಿನ್ ಒಡಿಶಾದ ಕೊರಾಪುಟ್‌ನಲ್ಲಿ, ಎರಡೂ ಎಚ್‌ಎಎಲ್‌ನವರೇ ಕಟ್ಟಿದ್ದು.

ಮೊದಲ ರಾತ್ರಿ ಮರೆಯಲಾಗದು. ಒಂದು ಎಂಜಿನ್ ಬದಲಿಸಿದ್ದರು. ಹಾರಿಸುವ ಮೊದಲು ನೆಲದ ಮೇಲೇ ಓಡಿಸಿ ನೋಡಬೇಕು. ಅದಕ್ಕೆ ಗ್ರೌಂಡ್ ರನ್ ಅನ್ನುತ್ತಾರೆ. ಡಿಸೆಂಬರ್ ಚಳಿ, ಮಂಜು. ವಿಮಾನದ ಗಾಲಿ ಉರುಳದ ಹಾಗೆ ಚಾಕ್, ಅಂದರೆ ಅಡ್ಡಗಟ್ಟೆ, ಕೊಟ್ಟು, ಹಿಂದಕ್ಕೆ ದಪ್ಪ ಸರಪಳಿ ಬಿಗಿದಿದ್ದರು. ಒಬ್ಬ ತಮಿಳು ಸಾರ್ಜೆಂಟ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, ನನ್ನ ಇಯರ್ ಡಿಫೆಂಡರ್, ಅಂದರೆ ಸದ್ದು ತಡೆಯುವ ಕಿವಿಮುಚ್ಚಳ, ಎರಡೂ ಬದಿ ಒತ್ತಿ ನೋಡಿದರು. ಕೈ ಸನ್ನೆ ಕಲಿಸಿದರು. ಇನ್ನು ಮೇಲೆ ಮಾತಿಲ್ಲ ಅಂದರು.

ಮೊದಲು ಸಣ್ಣ ಸೀಟಿ. ಅದು ಮೇಲೇರುತ್ತಾ ಏರುತ್ತಾ ಕಿವಿಗೆ ಎಟುಕದ ಕಡೆ ಹೋಗುತ್ತದೆ. ಅದರ ಕೆಳಗೆ ಒಂದು ಗುರುಗುರು ಹುಟ್ಟುತ್ತದೆ. ಪೂರ್ತಿ ಪವರ್‌ಗೆ ಬಂದಾಗ, ಇದೇ ಕೊನೆ, ಇದಕ್ಕಿಂತ ದೊಡ್ಡ ಸದ್ದು ಇರಲಾರದು ಅನ್ನಿಸಿತು. ಆಗ ಸಾರ್ಜೆಂಟ್ ನನ್ನ ಕಡೆ ತಿರುಗಿ ಒಂದು ಬೆರಳು ಎತ್ತಿದರು. ನೋಡು ಈಗ, ಅಂತ. ರೀಹೀಟ್ ಹಚ್ಚಿದರು. ಆಫ್ಟರ್‌ಬರ್ನರ್ ಅಂತ ನೀವು ಓದಿರುತ್ತೀರಿ, ಅದೇ. ಎಂಜಿನ್ ದಾಟಿ ಹೊರಗೆ ಬರುವ ಬಿಸಿ ಗಾಳಿಗೆ ಮತ್ತೊಮ್ಮೆ ಎಣ್ಣೆ ಚಿಮ್ಮಿಸಿ ಉರಿಸುವುದು. ಎದೆಗೆ ಯಾರೋ ಗುದ್ದಿದ ಹಾಗೆ ‘ಧಡ್’ ಅಂತ ಒಂದು ಪೆಟ್ಟು. ಆಮೇಲಿನದನ್ನು ನಾನು ಕಿವಿಯಿಂದ ಕೇಳಲಿಲ್ಲ. ಹೊಟ್ಟೆ ಕೇಳಿತು. ಹಲ್ಲು ಕೇಳಿತು. ಕಣ್ಣಲ್ಲಿ ನೀರು ತಾನಾಗಿ ಬಂತು. ಕಾಲ ಬಳಿ ಸಿಮೆಂಟಿನ ಮೇಲೆ ಬಿದ್ದಿದ್ದ ಸಣ್ಣ ಹರಳು ಕುಣಿಯುತ್ತಿದ್ದವು. ಬಾಲದ ಹಿಂದೆ ಕತ್ತಲಲ್ಲಿ ಬೆಂಕಿಯ ಕೋಲು, ಅದರೊಳಗೆ ಒಂದರ ಹಿಂದೆ ಒಂದು ಹೊಳೆಯುವ ಬಿಲ್ಲೆಗಳು. ಜೋರಿನ ಸದ್ದಿನ ಮೈಮೇಲೆ ಇನ್ನೊಂದು ಸದ್ದು ಇತ್ತು, ಚರ್ ಚರ್ ಅಂತ, ಗರಗದ ಗಟ್ಟಿ ಖಾದಿಯನ್ನು ಒಂದೇ ಸಮನೆ ಹರಿಯುತ್ತಿದ್ದ ಹಾಗೆ. ಹನ್ನೊಂದನೇ ವಯಸ್ಸಿನಲ್ಲಿ ಕಣದಲ್ಲಿ ಕೇಳಿದ್ದು ಅದೇ ಚರ್ ಅಂತ ಆ ಕ್ಷಣ ಗೊತ್ತಾಯಿತು.

ಇದನ್ನು ಲೆಕ್ಕದಲ್ಲಿ ಹೇಳುವುದಾದರೆ, ನಾವು ಎದುರೆದುರು ಕೂತು ಮಾತಾಡುವ ಸದ್ದು 60 ಡೆಸಿಬಲ್ ಆಸುಪಾಸು. ಇಂಥ ಎಂಜಿನ್ ಹತ್ತಿರ ನಿಂತರೆ 140ರ ಸುತ್ತ. 80 ಜಾಸ್ತಿ, ಅಷ್ಟೇ ಅಲ್ವಾ ಅನ್ನಿಸಬಹುದು. ಡೆಸಿಬಲ್ ಲೆಕ್ಕ ಬೇರೆ. ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು. 80 ಜಾಸ್ತಿ ಅಂದರೆ ಹತ್ತು ಕೋಟಿ ಪಟ್ಟು.

ಯಾಕಿಷ್ಟು ಸದ್ದು? ನಿಮ್ಮಲ್ಲಿ ವಯಸ್ಸಾದವರು ಮನೆಯಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೋವ್ ನೋಡಿರುತ್ತೀರಿ. ಪಂಪ್ ಹೊಡೆದಷ್ಟೂ ಭರ್ರೋ ಅನ್ನುತ್ತಿತ್ತು. ಪಕ್ಕದಲ್ಲಿ ಬತ್ತಿ ಸ್ಟೋವ್ ಸುಮ್ನೆ ಉರಿಯುತ್ತಿತ್ತು. ಎರಡರಲ್ಲೂ ಅದೇ ಎಣ್ಣೆ, ಅದೇ ಬೆಂಕಿ. ಸದ್ದು ಮಾಡೋದು ಬೆಂಕಿ ಅಲ್ಲ. ಸಣ್ಣ ತೂತಿನಿಂದ ಜೋರಾಗಿ ನುಗ್ಗುವ ಆವಿ, ಸುಮ್ಮನೆ ನಿಂತ ಗಾಳಿಗೆ ತಿಕ್ಕಾಡಿ ಸುರುಳಿ ಸುರುಳಿಯಾಗಿ ಒಡೆಯುತ್ತದೆ. ಆ ಒಡೆಯುವುದೇ ಸದ್ದು. ಜೆಟ್ ಎಂಜಿನ್ನಿನಲ್ಲೂ ಇದೇ. 1952ರಲ್ಲಿ ಜೇಮ್ಸ್ ಲೈಟ್‌ಹಿಲ್ ಅನ್ನುವ ಇಂಗ್ಲಿಷ್ ಗಣಿತಜ್ಞರು ಇದರ ಲೆಕ್ಕ ಬರೆದರು. ಹೊರಬರುವ ಗಾಳಿಯ ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಲ್ಲ, 256 ಪಟ್ಟು. ವೇಗದ ಎಂಟನೇ ಘಾತ. ನನಗೆ ಇದನ್ನು ಮೊದಲ ಸಲ ಓದಿದಾಗ ಮೈ ಜುಮ್ ಅಂದಿತು. ರೀಹೀಟ್ ಹಚ್ಚಿದಾಗ ಎದೆಗೆ ಬಿದ್ದ ಪೆಟ್ಟಿನ ಅರ್ಥ ಒಂದೇ ಸಾಲಿನಲ್ಲಿ ಇತ್ತು.

ಈಗ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಬರುವ ದೊಡ್ಡ ಪ್ರಯಾಣಿಕ ವಿಮಾನ ಗೋಕುಲ ರೋಡಿನ ಮನೆಗಳ ಮೇಲೆ ಇಳಿದರೂ ಮಗು ಮಲಗೇ ಇರುತ್ತದೆ. ಅದರ ಎಂಜಿನ್ ಮುಂದೆ ದೊಡ್ಡ ಫ್ಯಾನ್ ಇದೆ. ತುಂಬಾ ಗಾಳಿಯನ್ನು ನಿಧಾನವಾಗಿ ತಳ್ಳುತ್ತದೆ. ಮಿಗ್‌ಗೆ ಆ ಸೌಕರ್ಯ ಇಲ್ಲ. ಸಪೂರ ಮೈ, ಸ್ವಲ್ಪ ಗಾಳಿ, ಭಯಂಕರ ವೇಗ. ಇಷ್ಟಾದರೂ ಎಂಜಿನ್ನಿನ ಶಕ್ತಿಯಲ್ಲಿ ಸದ್ದಾಗಿ ಹೋಗುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಆದರೆ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಆ ದೊಡ್ಡ ಸದ್ದಿನ ಬಗ್ಗೆ ಅಲ್ಲ. ಅದು ಇಳಿಯುವ ಬಗ್ಗೆ.

ಎಂಜಿನ್ ಬಂದ್ ಮಾಡಿದ ಕೂಡಲೇ ಅದು ನಿಲ್ಲುವುದಿಲ್ಲ. ಎಣ್ಣೆ ನಿಂತಿರುತ್ತದೆ, ಬೆಂಕಿ ಆರಿರುತ್ತದೆ, ಒಳಗಿನ ಚಕ್ರಗಳು ಮಾತ್ರ ತಮ್ಮ ಓಟಕ್ಕೆ ತಾವು ತಿರುಗುತ್ತಲೇ ಇರುತ್ತವೆ. ಇದಕ್ಕೆ ರನ್‌ಡೌನ್ ಅನ್ನುತ್ತೇವೆ. ಸ್ಟಾಪ್‌ವಾಚ್ ಹಿಡಿದು ಎಷ್ಟು ಹೊತ್ತು ತಿರುಗಿತು ಅಂತ ಬರೆಯುತ್ತೇವೆ. ಬೇಗ ನಿಂತರೆ ಒಳಗೆ ಏನೋ ಹಿಡಿಯುತ್ತಿದೆ ಅಂತ ಅರ್ಥ. ಬೇರಿಂಗ್ ಇರಬಹುದು, ಎಲ್ಲೋ ಬ್ಲೇಡ್ ಸವರುತ್ತಿರಬಹುದು. ಕೈಯಲ್ಲಿ ವಾಚ್, ಕಿವಿ ಬಾಲದ ಕಡೆ. ಆ ಸಾರ್ಜೆಂಟ್ ಸಾಹೇಬರು ಅಲ್ಲಿಗೆ ಬಂದಾಗ ಡಿಫೆಂಡರ್ ತೆಗೆದು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ನನಗೂ ತೆಗೆಯಲು ಹೇಳುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು.

ಸೀಟಿ ಇಳಿಯುತ್ತದೆ. ಇಳಿದು ಗೊಣಗುತ್ತದೆ. ಗೊಣಗು ಉಸಿರಾಗುತ್ತದೆ. ಆ ಉಸಿರಿನಲ್ಲಿ ಎಲ್ಲಾದರೂ ‘ಸರ್’ ಅಂತ ಒಂದು ಎಳೆ ಸಿಕ್ಕರೆ ಆ ವಿಮಾನ ನಾಳೆ ಹಾರುವುದಿಲ್ಲ. ಇಲ್ಲದಿದ್ದರೆ ಕೊನೆಗೆ ಒಂದು ಸದ್ದು ಬರುತ್ತದೆ. ಟಿಣ್, ಟಿಣ್, ಟಿಣ್. ಬ್ಲೇಡುಗಳು ಬುಡದಲ್ಲಿ ಸ್ವಲ್ಪ ಸಡಿಲ ಇರುತ್ತವೆ. ಜೋರಾಗಿ ತಿರುಗುವಾಗ ಹೊರಕ್ಕೆ ಎಳೆದು ಬಿಗಿಯಾಗಿರುತ್ತವೆ. ನಿಧಾನವಾದಾಗ ಒಂದೊಂದಾಗಿ ವಾಲಿ ಬೀಳುತ್ತವೆ. ಅವ್ವ ಒಳಗಿನ ಕೋಣೆಯಲ್ಲಿ ಕೈ ತೊಳೆಯುವಾಗ ಕೇಳುವ ಬಳೆ ಸದ್ದು ಇರುತ್ತದಲ್ಲ, ಹಾಗೆ. ಹತ್ತು ನಿಮಿಷದ ಹಿಂದೆ ನೆಲ ನಡುಗಿಸಿದ ಯಂತ್ರದ ಒಳಗಿಂದ ಬಳೆ ಸದ್ದು. ಅದು ನಿಂತ ಮೇಲೆ ಸಾಹೇಬರು ಕಣ್ಣು ಬಿಟ್ಟು ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು.

ಅವರಿಗೆ ನಾನು ಗದಗದವನು ಅಂತ ಗೊತ್ತಿತ್ತು. ಭೀಮಸೇನ ಜೋಶಿಯವರು ಗದಗದ ಕಡೆಯವರು ಅಂತಲೂ ಗೊತ್ತಿತ್ತು. “ಹಾಡುವವರ ಊರಿಂದ ಬಂದಿದ್ದೀಯ, ನಿನಗೆ ಕೇಳಿಸಬೇಕು” ಅನ್ನುತ್ತಿದ್ದರು. ನನಗೆ ಕೇಳಿಸುತ್ತಿತ್ತು. ಕಾಕಾನ ಪುಣ್ಯ.

ಬೇರೆ ವಿಮಾನಗಳೂ ನೆನಪಿವೆ. ಬೀದರಿನಲ್ಲಿ ತರಬೇತಿಗೆ ಇದ್ದ ಕಿರಣ್‌ಗೆ ಒಂದು ಸಣ್ಣ ಕೀಚಲು ದನಿ. 1996ರಲ್ಲಿ ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡ ಹುಟ್ಟಿದ್ದೂ ಆ ವಿಮಾನದಿಂದಲೇ, ಬೀದರಿನಲ್ಲೇ. ಬೆಂಗಳೂರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಕೈಯಲ್ಲಿ ರೂಪುಗೊಂಡು 1961ರಲ್ಲಿ ಹಾರಿದ ಮಾರುತ್ ಇತ್ತು. ಅದಕ್ಕೆ ಎರಡು ಎಂಜಿನ್. ಮಿಗ್-27 ಅಂತ ಇನ್ನೊಂದು. ಅದರ ಫಿರಂಗಿ ಹೊಡೆದರೆ ಆ ನಡುಕಕ್ಕೆ ವಿಮಾನದ್ದೇ ದೀಪಗಳು ಒಡೆಯುತ್ತಿದ್ದವು. ಇವನ್ನೆಲ್ಲ ಇಷ್ಟಕ್ಕೇ ಬಿಡುತ್ತೇನೆ. ಒಂದನ್ನು ಮಾತ್ರ ನಿಂತು ಹೇಳಬೇಕು.

1990ರ ಸುಮಾರಿಗೆ ರಜೆಯಲ್ಲಿ ಊರಿಗೆ ಬಂದಿದ್ದೆ. ಗೋವಾದ ವಾಸ್ಕೋದಲ್ಲಿ ಸೋದರಮಾವನ ಮಗಳ ಮದುವೆ. ನಮ್ಮ ಕಡೆಯ ಎಷ್ಟು ಮನೆಯವರು ವಾಸ್ಕೋದಲ್ಲಿ ದುಡಿಯುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಲೋಂಡಾ, ಕ್ಯಾಸಲ್ ರಾಕ್ ದಾಟಿ ಹೋದೆವು. ಮರುದಿನ ಬೆಳಗ್ಗೆ ಅಕ್ಕಿಕಾಳು ಹಾಕುವ ಹೊತ್ತಿಗೆ ದಾಬೋಲಿ ವಿಮಾನ ನಿಲ್ದಾಣದ ಕಡೆಯಿಂದ ಒಂದು ಸದ್ದು ಎದ್ದಿತು. ಜೆಟ್ ಅಲ್ಲ. ಹರಿಯುವ ಸದ್ದಲ್ಲ. ಸಾವಿರ ಜೇನುಗೂಡು ಒಟ್ಟಿಗೆ ಎದ್ದ ಹಾಗೆ ಝೇಂಕಾರ. ಪುರೋಹಿತರ ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ನಾನು ಕೈಯಲ್ಲಿ ಅಕ್ಷತೆ ಹಿಡಿದೇ ಹೊರಗೆ ಓಡಿದೆ.

ಅದು ನೌಕಾಪಡೆಯ ಟಿಯು-142. ರಷ್ಯಾದ್ದು. 1988ರಲ್ಲಿ ಗೋವಾಕ್ಕೆ ಬಂದಿತ್ತು. 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋಯಿತು, 2017ರ ಮಾರ್ಚ್‌ನಲ್ಲಿ ನಿವೃತ್ತಿ ಆಯಿತು. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಿ ಜಲಾಂತರ್ಗಾಮಿ ಹುಡುಕುವುದು ಅದರ ಕೆಲಸ. ನಾಲ್ಕು ಎಂಜಿನ್, ಒಂದೊಂದೂ ಸುಮಾರು 15,000 ಅಶ್ವಶಕ್ತಿ. ಪ್ರತಿ ಎಂಜಿನ್ನಿಗೂ ಒಂದರ ಹಿಂದೆ ಒಂದು ಎರಡು ಪ್ರೊಪೆಲರ್. ಮುಂದಿನದು ಒಂದು ಕಡೆ ತಿರುಗಿದರೆ ಹಿಂದಿನದು ಇನ್ನೊಂದು ಕಡೆ. ಮುಂದಿನ ಪ್ರೊಪೆಲರ್ ಕಲಕಿದ ಗಾಳಿಯನ್ನು ಹಿಂದಿನದರ ಬ್ಲೇಡು ಮತ್ತೆ ಮತ್ತೆ ಕತ್ತರಿಸುತ್ತದೆ. ಹಾಗಾಗಿ ಸೈರನ್ ಇದ್ದ ಹಾಗೆ ಕೂಗು.

ಆದರೆ ನನ್ನನ್ನು ಅಲ್ಲಿ ನಿಲ್ಲಿಸಿದ್ದು ಅದರ ಜೋರು ಅಲ್ಲ. ಅದು ತೂಗುತ್ತಿತ್ತು. ವಂಯ್... ವಂಯ್... ವಂಯ್. ಎಂಟು ಪ್ರೊಪೆಲರ್ ಒಂದೇ ವೇಗದಲ್ಲಿ ಇರಬೇಕು, ಕೂದಲೆಳೆಯಷ್ಟು ಆಚೀಚೆ ಇವೆ. ಜೋಡಿ ತಂತಿ ಕೂಡದ ತಂಬೂರಿ. ಅಷ್ಟು ದೊಡ್ಡ ವಿಮಾನ ನನ್ನ ಕಾಕಾನ ಮನೆಯ ಪಡಸಾಲೆಯ ದನಿಯಲ್ಲಿ ಮಾತಾಡುತ್ತಿತ್ತು. ಅದು ಮೇಲೇರಿ ಸಮುದ್ರದ ಕಡೆ ತಿರುಗಿತು. ತೂಗುವುದು ನಿಧಾನವಾಯಿತು. ಒಳಗೆ ಎಂಜಿನಿಯರ್ ಯಾರೋ ಒಂದೊಂದೇ ಸರಿ ಮಾಡುತ್ತಿದ್ದಾರೆ ಅಂತ ಅನ್ನಿಸಿತು. ಒಂದು ಗಳಿಗೆ ಪೂರ್ತಿ ನಿಂತು ಒಂದೇ ಷಡ್ಜ ಆಯಿತು. ಮನೆಯವಳು ಬಂದು ಭುಜ ಮುಟ್ಟಿದಳು. ತಾಳಿ ಕಟ್ಟಿ ಆಗಿತ್ತು.

ಪ್ರೊಪೆಲರ್ ಸದ್ದಿನ ವಿಷಯಕ್ಕೆ ಬಂದರೆ ಅಮೆರಿಕದ ಎಕ್ಸ್‌ಎಫ್-84ಎಚ್ ಕತೆ ಹೇಳದೆ ಇರಲಾಗದು. ರಿಪಬ್ಲಿಕ್ ಕಂಪನಿಯವರು ಮಾಡಿದ್ದು. ಎರಡೇ ಎರಡು ಕಟ್ಟಿದರು. 1955ರ ಜುಲೈನಲ್ಲಿ ಮೊದಲ ಹಾರಾಟ. ಅದರ ಪ್ರೊಪೆಲರ್ ತುದಿ ಶಬ್ದಕ್ಕಿಂತ ವೇಗವಾಗಿ ತಿರುಗುತ್ತಿತ್ತು. ಹಾರುವಾಗ ಅಲ್ಲ, ನೆಲದಲ್ಲಿ ನಿಂತಿರುವಾಗಲೇ. ಅಂದರೆ ಒಂದೊಂದು ಬ್ಲೇಡೂ ಒಂದೇ ಸಮನೆ ಸಿಡಿಲು ಬಿಡುತ್ತಿತ್ತು. ಎಂಜಿನ್ ಓಡಿಸಿದರೆ 40 ಕಿಲೋಮೀಟರ್ ಆಚೆ ಕೇಳುತ್ತಿತ್ತಂತೆ. ಹುಬ್ಬಳ್ಳಿಯಲ್ಲಿ ಚಾಲೂ ಮಾಡಿದರೆ ಅಣ್ಣಿಗೇರಿ ದಾಟಿ ಕೇಳಬೇಕು, ಲೆಕ್ಕ ಹಾಕಿ. ಹತ್ತಿರ ಕೆಲಸ ಮಾಡಿದ ನೆಲದ ಸಿಬ್ಬಂದಿಗೆ ವಾಕರಿಕೆ, ತಲೆನೋವು. ಥಂಡರ್‌ಸ್ಕ್ರೀಚ್ ಅಂತ ಹೆಸರು ಬಿತ್ತು. ಎರಡೂ ವಿಮಾನ ಸೇರಿ ಹನ್ನೆರಡು ಸಲ ಹಾರಿದವು, ಆಮೇಲೆ ಯೋಜನೆ ಮುಚ್ಚಿದರು. ಪೈಲಟ್‌ಗಳ ಹೆಸರು ಇತಿಹಾಸದಲ್ಲಿ ಇದೆ. ಅದರ ಪಕ್ಕ ನಿಂತು ಚಾಕ್ ಎಳೆದ ಹುಡುಗರ ಬಗ್ಗೆ ನನಗೆ ಜಾಸ್ತಿ ಯೋಚನೆ ಬರುತ್ತದೆ.

2020ರ ಮೇ 20ರಂದು ಮಧ್ಯಾಹ್ನ ಬೆಂಗಳೂರಲ್ಲಿ ಒಂದು ಭಾರೀ ಸದ್ದು ಕೇಳಿದ್ದು ನೆನಪಿದೆಯಾ? ಲಾಕ್‌ಡೌನ್ ಕಾಲ. ಊರೆಲ್ಲ ಸ್ತಬ್ಧ. ಕಿಟಕಿ ಗಾಜು ಅದುರಿದವು. ಭೂಕಂಪ ಅಂದರು, ಇನ್ನೂ ಏನೇನೋ ಅಂದರು. ನನ್ನ ಮಗ ಅಲ್ಲಿಂದ ಫೋನ್ ಮಾಡಿ “ಅಪ್ಪಾ, ಏನೋ ಸಿಡಿದ ಹಾಗೆ ಆಯ್ತು” ಅಂದ. ಒಂದೇ ಪೆಟ್ಟಾ ಅಂತ ಕೇಳಿದೆ. ಹೌದು, ನೆಲ ಆಡಲಿಲ್ಲ ಅಂದ. ವಿಮಾನ ಇರಬೇಕು ಬಿಡು ಅಂದೆ. ಸಂಜೆ ರಕ್ಷಣಾ ಇಲಾಖೆ ಹೇಳಿತು, ವಾಯುಪಡೆಯ ಪರೀಕ್ಷಾ ಹಾರಾಟ, 36,000ದಿಂದ 40,000 ಅಡಿ ಎತ್ತರದಲ್ಲಿ ಸೂಪರ್‌ಸಾನಿಕ್ ವೇಗವನ್ನು ತಗ್ಗಿಸುವಾಗ ಕೇಳಿದ ಸದ್ದು, ಅಂಥದ್ದು 65ರಿಂದ 80 ಕಿಲೋಮೀಟರ್ ದೂರಕ್ಕೂ ಕೇಳುತ್ತದೆ ಅಂತ. ಶಬ್ದಕ್ಕಿಂತ ಮುಂದೆ ಓಡುವ ವಿಮಾನ ತನ್ನ ಸದ್ದನ್ನೆಲ್ಲ ಹಿಂದೆ ಒಂದು ಅಂಚಿನಲ್ಲಿ ರಾಶಿ ಹಾಕುತ್ತಾ ಹೋಗುತ್ತದೆ. ಆ ಅಂಚು ನಮ್ಮ ಮೇಲೆ ಹಾದಾಗ ಒಂದೇ ಪೆಟ್ಟು. ನಮ್ಮ ಅಜ್ಜಿ ಇದ್ದಿದ್ದರೆ, ಮೋಡಾ ಇಲ್ಲ ಮಿಂಚಾ ಇಲ್ಲ ಅನ್ನುತ್ತಿದ್ದಳು.

ಈಗ ಕಿವಿಯ ಮಾತು.

ನಮಗೆ ಇಯರ್ ಡಿಫೆಂಡರ್ ಕೊಟ್ಟಿದ್ದರು. ಹಾಕಿಕೊಳ್ಳಿ ಅಂತ ಹೇಳುವವರೂ ಇದ್ದರು. ತಪ್ಪು ನನ್ನದು. ವಯಸ್ಸು ಇಪ್ಪತ್ತು. ಬೇಸಿಗೆಯಲ್ಲಿ ಅದರೊಳಗೆ ಬೆವರು ಸುರಿಯುತ್ತಿತ್ತು. ಅದಕ್ಕಿಂತ ದೊಡ್ಡ ಕಾರಣ ಬೇರೆ. ಎಂಜಿನ್ ಓಡುವಾಗಲೂ ನನಗೆ ಅದರ ಒಳಗಿನ ಎಳೆ ಕೇಳಬೇಕು ಅನ್ನೋ ಆಸೆ. ರನ್‌ಡೌನ್ ತನಕ ಕಾಯುವ ತಾಳ್ಮೆ ಇಲ್ಲ. ಒಂದು ಬದಿ ಸ್ವಲ್ಪ ಎತ್ತಿ ಕೇಳುತ್ತಿದ್ದೆ. ಎಡಗಿವಿ. ಸಾರ್ಜೆಂಟ್ ಸಾಹೇಬರು ಎರಡು ಸಲ ನೋಡಿ ಕೈ ಮೇಲೆ ಹೊಡೆದಿದ್ದರು. ಅವರು ವರ್ಗವಾಗಿ ಹೋದ ಮೇಲೆ ಹೊಡೆಯುವವರು ಇರಲಿಲ್ಲ.

ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನ ಹಾಗೆ ಒಂದು ಸುರುಳಿ ಇದೆ. ಅದರೊಳಗೆ ಸಣ್ಣ ಸಣ್ಣ ಕೂದಲಿನಂಥ ಜೀವಕೋಶ. ಗಾಳಿಗೆ ಜೋಳದ ಬೆಳೆ ಬಾಗುವ ಹಾಗೆ ಅವು ಸದ್ದಿಗೆ ಬಾಗುತ್ತವೆ, ಮತ್ತೆ ಏಳುತ್ತವೆ. ತುಂಬಾ ಜೋರಾದರೆ, ತುಂಬಾ ಹೊತ್ತಾದರೆ, ಮಲಗಿದ್ದು ಏಳುವುದಿಲ್ಲ. ಮತ್ತೆ ಹುಟ್ಟುವುದೂ ಇಲ್ಲ. 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಮಿತಿ ಅನ್ನುತ್ತಾರೆ. ನಾವು ನಿಂತಿದ್ದು 140ರ ಬಳಿ. ಸದ್ದಿಗೆ ಸಿಕ್ಕ ಕಿವಿ ಮೊದಲು ಹೋಗುವುದು ಮೇಲಿನ ಸ್ವರದಲ್ಲಿ, ಸೆಕೆಂಡಿಗೆ 4,000 ಕಂಪನದ ಆಸುಪಾಸು. ಪರೀಕ್ಷೆ ಮಾಡಿದಾಗ ಕಾಗದದ ಮೇಲೆ ಗೆರೆ ನೆಟ್ಟಗೆ ಬಂದು ಅಲ್ಲಿ ಬಾವಿಗೆ ಬಿದ್ದ ಹಾಗೆ ಕೆಳಗೆ ಬೀಳುತ್ತದೆ. ನನ್ನ ಕಾಗದದಲ್ಲಿ ಎರಡು ಬಾವಿ ಇದ್ದವು. ಎಡದ್ದು ಆಳ.

ಮಾತು ಕೇಳುತ್ತದೆ, ಅಕ್ಷರ ಕೇಳುವುದಿಲ್ಲ. ಸ, ಶ, ಷ ಮೂರೂ ಹೋದವು. ಮೊಮ್ಮಗಳು ‘ಶಾಲೆ’ ಅಂದರೆ ನನಗೆ ‘ಆಲೆ’. ಮನೆಯಲ್ಲಿ ಒಬ್ಬನೇ ಇದ್ದಾಗ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಗೊತ್ತಾಗುವುದಿಲ್ಲ. ಅದರ ಮುಚ್ಚಳದ ಹತ್ತಿರ ಆವಿ ನೋಡಿ ಎಣಿಸುತ್ತೇನೆ. ರಾತ್ರಿ ಎಲ್ಲ ಮಲಗಿದ ಮೇಲೆ ಕಿವಿಯೊಳಗೆ ಒಂದು ಸೀಟಿ ಇರುತ್ತದೆ. ಹೊರಗೆ ಎಲ್ಲೂ ಇಲ್ಲ. ಮೊದಲ ರಾತ್ರಿ ಕೇಳಿದ, ಮೇಲೇರುತ್ತಾ ಹೋದ ಆ ಸೀಟಿ ಥರದ್ದೇ. ಇದು ಇಳಿಯುವುದಿಲ್ಲ. ಇದಕ್ಕೆ ರನ್‌ಡೌನ್ ಇಲ್ಲ.

ಹುಬ್ಬಳ್ಳಿಯಲ್ಲಿ ಗಣೇಶನ ಹಬ್ಬಕ್ಕೆ ಡಿಜೆ ಗಾಡಿಯ ಮುಂದೆ ಎದೆ ಕೊಟ್ಟು ಕುಣಿಯುವ ಹುಡುಗರನ್ನು ನೋಡಿದಾಗ ನನಗೆ ಸಿಟ್ಟು ಬರುವುದಿಲ್ಲ, ಸಂಕಟ ಆಗುತ್ತದೆ. ಎದೆಗೆ ಬೀಳುವ ಆ ಪೆಟ್ಟಿನ ಸುಖ ನನಗೂ ಗೊತ್ತು. ಕಳೆದ ವರ್ಷ ಓಣಿಯ ಹುಡುಗರಿಗೆ ಔಷಧ ಅಂಗಡಿಯಿಂದ ಫೋಮ್ ಇಯರ್‌ಪ್ಲಗ್ ತಂದು ಹಂಚಿದೆ. ಹೇಗೆ ಬೆರಳಲ್ಲಿ ಹೊಸೆದು, ಕಿವಿ ಮೇಲೆತ್ತಿ, ಒಳಗೆ ಇಟ್ಟು, ಅದು ಅರಳುವವರೆಗೆ ಒತ್ತಿ ಹಿಡಿಯಬೇಕು ಅಂತ ಒಬ್ಬೊಬ್ಬರಿಗೂ ತೋರಿಸಿದೆ. ಮೂವರು ಹಬ್ಬ ಮುಗಿಯುವ ತನಕ ತೆಗೆಯಲಿಲ್ಲ. ಈ ವರ್ಷ ಇನ್ನೂ ಹೆಚ್ಚು ತರುತ್ತೇನೆ. ನಿಮ್ಮ ಓಣಿಯಲ್ಲೂ ತನ್ನಿ. ಬೆಲೆ ಜಾಸ್ತಿ ಏನಿಲ್ಲ.

(ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಪ್ರಶ್ನೆಗಳ ಹೊತ್ತಿನಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಹತ್ತಿರ ಬಂದು ಕೇಳಿದರು: “ಆ ತಂಬೂರಿ ಈಗ ಎಲ್ಲೈತ್ರಿ?” ಅದಕ್ಕೆ ಕೊಟ್ಟ ಉತ್ತರವನ್ನೂ ಸೇರಿಸುತ್ತೇನೆ.)

ನಮ್ಮ ಮನೆಯಲ್ಲೇ ಇದೆ. ಕಾಕಾ ಹೋಗುವ ಮೊದಲು ನನಗೆ ಕೊಟ್ಟ. ಮೊಮ್ಮಗಳು ಎರಡು ವರ್ಷದಿಂದ ಹಾಡು ಕಲಿಯುತ್ತಿದ್ದಾಳೆ. ಜವಾರಿಯ ದಾರ, ಅಂದರೆ ತಂತಿಯ ಕೆಳಗಿನ ಎಳೆ, ಸರಿಸಿದಾಗ ತಂತಿಯಿಂದ ಏಳುವ ಮಿಂಚಿನಂಥ ದನಿ ಇದೆಯಲ್ಲ, ಅದು ನನಗೆ ಕೇಳುವುದಿಲ್ಲ. ಮೆಷಿನ್ ಹಾಕಿದರೆ ತಗಡಿನ ಸದ್ದು ಬರುತ್ತದೆ, ಹಾಗಾಗಿ ಆ ಹೊತ್ತಿಗೆ ತೆಗೆದಿಡುತ್ತೇನೆ. ಆದರೆ ತೂಗುವುದು ಕೆಳಗಿನ ಸದ್ದು. ನಾನು ತಂಬೂರಿಯ ಬುರುಡೆಯ ಮೇಲೆ ಅಂಗೈ ಇಟ್ಟು ಕೂರುತ್ತೇನೆ. ಅವಳು ಮಣಿ ಸರಿಸುತ್ತಾಳೆ. ಕೈಗೆ ತಿಳಿಯುತ್ತದೆ. ವಂಯ್... ವಂಯ್... ನಿಧಾನ ಆಗುತ್ತದೆ. ಇನ್ನೂ ನಿಧಾನ. ಅವಳು ನನ್ನ ಮುಖ ನೋಡುತ್ತಿರುತ್ತಾಳೆ.

“ನಿಂತಿತೇನಜ್ಜಾ?”

“ತಡಿ,” ಅನ್ನುತ್ತೇನೆ. “ಇನ್ನೊಂಚೂರು.”